ಇಂಗ್ಲೆಂಡಿನಲ್ಲಿ ನಾನು ಸುಟ್ಟ ಮೆಣಸಿನಕಾಯಿ

ನಡೆದದ್ದು ಇಷ್ಟೇ. ನನ್ನ ಕಿರಿಮಗನನ್ನು ಮಿಲಿಟರಿಯವರು ಎರಡು ವರ್ಷ ಜೈಲಿನಲ್ಲಿಟ್ಟರು, ನಾನು ಮೂರು ವರ್ಷ ಇಟ್ಟೆ. ಅವರ ಜೈಲಿಗೆ ಕಿಟಕಿ ಇತ್ತಂತೆ. ನನ್ನದಕ್ಕೆ ಇರಲಿಲ್ಲ.

ನಾನು ಮಾಡಿದ್ದು ಜೈಲು ಅಂತ ನನಗೆ ತಿಳಿದದ್ದು ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದ ಮೇಲೆ. ಮಗಳ ಬಾಣಂತನಕ್ಕೆಂದು ಹೋದವಳು ನಾನು. ತಿರುಗಿ ಬಂದಾಗಿನಿಂದ ಕಂಡವರೆಲ್ಲ ಕೇಳುತ್ತಾರೆ, ರಾಣಿಯ ಅರಮನೆ ನೋಡಿದೆಯಾ, ದೊಡ್ಡ ಗಡಿಯಾರ ನೋಡಿದೆಯಾ ಅಂತ. ನೋಡಲಿಲ್ಲ. ನೋಡಿದ್ದನ್ನು ಹೇಳಿ ಬರೆಸುತ್ತೇನೆ.

ಬಂಡಳ್ಳಿ

ಮೊದಲು ಮನೆಯ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನಗೆ ಮೂವರು ಮಕ್ಕಳು. ದೊಡ್ಡವನು ನಂಜಪ್ಪ, ಬೇಸಾಯ ನೋಡಿಕೊಂಡು ನನ್ನ ಜೊತೆಯಲ್ಲೇ ಇದ್ದಾನೆ. ನಡುವಿನವಳು ಗೌರಿ, ಮೈಸೂರಿನಲ್ಲಿ ನರ್ಸ್ ಕೆಲಸ ಕಲಿತು, ಯಳಂದೂರಿನ ಹುಡುಗನನ್ನು ಮದುವೆಯಾಗಿ, ಗಂಡನ ಜೊತೆ ಇಂಗ್ಲೆಂಡಿಗೆ ಹೋದಳು. ಕಿರಿಯವನು ಮಾದಪ್ಪ. ಕೊಳ್ಳೇಗಾಲಕ್ಕೆ ಮಿಲಿಟರಿಗೆ ಆಳು ಆರಿಸುವವರು ಬಂದಾಗ ನಮಗೆ ಹೇಳದೆ ಹೋಗಿ ಸಾಲಿನಲ್ಲಿ ನಿಂತವನು.

ಪಾಕಿಸ್ತಾನದ ಯುದ್ಧಕ್ಕೆ ಹೋದ. ಅಲ್ಲಿ ಏನಾಯಿತೋ ಅವನು ಹೇಳಲಿಲ್ಲ. ಬಂದೂಕಿನ ಹಿಂಬದಿಯಿಂದ ಸುಬೇದಾರನಿಗೆ ಹೊಡೆದನೆಂದು ಕಾಗದ ಹೇಳಿತು. ಎರಡು ವರ್ಷ ಜೈಲು, ಕೆಲಸದಿಂದ ವಜಾ, ಪಿಂಚಣಿ ಇಲ್ಲ. ಒಂದು ತಗಡಿನ ಟ್ರಂಕು ಹೊತ್ತುಕೊಂಡು ಮನೆಗೆ ಬಂದ. ಲಾರಿ ಓಡಿಸುವುದು, ಬಿಚ್ಚಿ ಜೋಡಿಸುವುದು ಎಲ್ಲ ಬರುತ್ತಿತ್ತು. ಕೊಳ್ಳೇಗಾಲದ ಒಂದು ಅಕ್ಕಿ ಗಿರಣಿಗೆ ಕೆಲಸ ಕೇಳಲು ನಾನೇ ಜೊತೆಗೆ ಹೋದೆ. ಮಾಲೀಕ ಕಾಗದ ಓದಿ ನನ್ನ ಮುಖ ನೋಡಿದ.

"ಆಫೀಸರ್‌ಗೇ ಬಡ್ದೋನು ನನ್ನ ಬುಟ್ಟಾನೇನಮ್ಮಾ? ಕರ್ಕಂಡೋಗಿ."

ಇನ್ನು ಎರಡು ಕಡೆ ಇದೇ ಮಾತು. ಆಮೇಲೆ ಹನೂರಿನ ಸಂತೆಯಲ್ಲಿ ಒಂದು ದಿನ ಲಾರಿಯ ಟೈರು ಸಿಡಿಯಿತು. ಮಾದಪ್ಪ ಬದನೆಕಾಯಿ ಮಾರುತ್ತಿದ್ದ ಹೆಂಗಸನ್ನು ನೆಲಕ್ಕೆ ಕೆಡವಿ ಅವಳ ಮೇಲೆ ಬಿದ್ದುಕೊಂಡ. ಅವಳಿಗೆ ಗುಂಡು ತಾಗಬಾರದೆಂದು ಅವನು ಹಾಗೆ ಮಾಡಿದ್ದು. ಸಂತೆಯವರಿಗೆ ಅದು ಕಂಡದ್ದೇ ಬೇರೆ. ಹಣ್ಣುಗಾಯಿ ನೀರುಗಾಯಿ ಮಾಡಿ ಗಾಡಿಯಲ್ಲಿ ಹಾಕಿ ಕಳಿಸಿದರು. ಅದಾದ ತಿಂಗಳಿಗೆ ಮನೆಯೊಳಗೆ ನಂಜಪ್ಪನ ಮಗಳು ಪಟಾಕಿ ಹೊಡೆದಾಗ ಅಣ್ಣನ ಕುತ್ತಿಗೆ ಹಿಡಿದ. ಮೂರು ಜನ ಸೇರಿ ಬಿಡಿಸಬೇಕಾಯಿತು.

ಮಾರನೆಯ ದಿನ ನಾನೇ ಹನೂರಿಗೆ ಹೋಗಿ ಬೀಗ ತಂದೆ. ರಾಗಿ ಮೂಟೆ ಇಡುತ್ತಿದ್ದ ಕೋಣೆ ಖಾಲಿ ಮಾಡಿಸಿ ಅವನನ್ನು ಒಳಗೆ ಬಿಟ್ಟು ಬೀಗ ಹಾಕಿದೆ. ನಂಜಪ್ಪ ಹಾಕಿದ್ದಲ್ಲ, ನಾನು. ಎರಡು ಹೊತ್ತು ಊಟ ಕೊಟ್ಟೆ, ಹೊರಗೆ ಹೋಗಬೇಕಾದಾಗ ಅಣ್ಣ ಜೊತೆಗೆ ಹೋಗಿ ಕರೆತರುತ್ತಿದ್ದ. ಗೌರಿಗೆ ಬರೆದ ಕಾಗದಗಳಲ್ಲೆಲ್ಲ "ಮಾದಪ್ಪ ಚೆನ್ನಾಗಿದ್ದಾನೆ, ಹೊಲದ ಕೆಲಸ ಮಾಡಿಕೊಂಡಿದ್ದಾನೆ" ಎಂದೇ ಬರೆಸಿದೆ.

ನಾನು ಹೊರಡುವ ವಾರ ನಂಜಪ್ಪ ಹೊಸ ಮಾತು ತೆಗೆದ.

"ನದಿ ಆಚೆಗೆ ಒಂದು ಗುಡಿ ಅದ ಕಣವ್ವ. ಬುದ್ಧಿ ಕೆಟ್ಟೋರ್ನ ಅಲ್ಲಿ ಕಂಬುಕ್ಕೆ ಕಟ್ಟಿ ಬುಟ್ಟು ಬತ್ತಾರೆ. ವರ್ಸದಲ್ಲಿ ಸರಿಯಾಯ್ತಾರಂತೆ."

"ಆಗ್ದೇ ಇದ್ರೆ?"

"ಅಲ್ಲೇ ಇರ್ತಾರೆ."

"ಆಗ್ಲಿ, ನಾನು ಬಂದ ಮ್ಯಾಲೆ ಕರ್ಕಂಡೋಗು" ಎಂದೆ. ಒಂದು ಗಳಿಗೆಯೂ ಯೋಚನೆ ಮಾಡದೆ ಹಾಗೆಂದೆ.

ವಿಮಾನ

ಬೊಂಬಾಯಿಯಲ್ಲಿ ವಿಮಾನ ಹತ್ತಿಸಿದರು. ಪಕ್ಕದಲ್ಲಿ ಸೇಲಂ ಕಡೆಯ ಹೆಂಗಸು. ನಾನು ಮೂರನೆಯ ತರಗತಿ ಓದುವಾಗ ನಮ್ಮೂರು ಮದರಾಸಿಗೆ ಸೇರಿತ್ತು, ಹಾಗಾಗಿ ತಮಿಳು ಬರುತ್ತದೆ. ನನಗೆ ಬಂದದ್ದು ಪುಣ್ಯ, ಇಲ್ಲದಿದ್ದರೆ ವಿಮಾನದ ಕಕ್ಕಸಿನ ಬಾಗಿಲು ತೆಗೆಯುವುದು ಯಾರು ಹೇಳಿಕೊಡುತ್ತಿದ್ದರು? ಊಟವೆಂದು ಮೊಟ್ಟೆ ತಂದಿಟ್ಟರು. ಮುಟ್ಟಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹುರಿಗಡಲೆ ಬೆಲ್ಲ ತಿಂದೆ.

ಲಂಡನ್ನಿನಲ್ಲಿ ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಗಂಟು ಬಿಚ್ಚಿದ. ರಾಗಿ ಹಿಟ್ಟು, ಓಮ, ಶುಂಠಿ, ಬಜೆ, ಬೆಳ್ಳುಳ್ಳಿ. ಒಂದೊಂದನ್ನೂ ಮೂಸಿ ನೋಡಿದ. ಕೊನೆಗೆ ಮೆಣಸಿನಕಾಯಿಯ ಚೀಲಕ್ಕೆ ಮೂಗು ಹಾಕಿದವನು ಸೀನತೊಡಗಿದ, ನಿಲ್ಲಿಸಲಿಲ್ಲ. ಏನಾಯಿತೆಂದು ನೋಡಲು ಬಂದ ಇನ್ನೊಬ್ಬನೂ ಸೀನಿದ. ಕೊರಳಲ್ಲಿದ್ದ ಕರಡಿಗೆಯನ್ನು ತೋರಿಸಿ ಅದರಲ್ಲೇನಿದೆ ಎಂದು ಕೈಯಲ್ಲೇ ಕೇಳಿದರು. ಲಿಂಗ ಎಂದೆ, ಬಿಚ್ಚಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ ಹೋಗು ಹೋಗು ಎಂದು ಕೈಬೀಸಿದರು.

ಮಗಳ ಮನೆ

ಅಳಿಯ ಬಂದು ರೈಲಿನಲ್ಲಿ ಕರೆದುಕೊಂಡು ಹೋದ. ಎರಡು ಗಂಟೆಯ ದಾರಿ. ಊರೆಲ್ಲ ಕಾರ್ಖಾನೆ, ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ಥರ. ಬೆಳಿಗ್ಗೆ ಬಾಗಿಲ ಮುಂದೆ ಹಾಲಿನ ಸೀಸೆ ಇಟ್ಟು ಹೋಗುತ್ತಾರೆ, ಮಧ್ಯಾಹ್ನದವರೆಗೂ ಅಲ್ಲೇ ಇರುತ್ತದೆ, ನಾಯಿಯೂ ಮುಟ್ಟುವುದಿಲ್ಲ. ಬೀದಿಯಲ್ಲಿ ಎದುರು ಸಿಕ್ಕವರು ಊಟ ಆಯಿತೇ ಎನ್ನುವುದಿಲ್ಲ, ಮೋಡ ಆಗಿದೆ ಎನ್ನುತ್ತಾರೆ. ಆಗಿರುವುದು ನಮಗೂ ಕಾಣುವುದಿಲ್ಲವೇ?

ನಾನು ಮೊದಲ ಸಲ ಬೆಚ್ಚಿಬಿದ್ದದ್ದು ಪಕ್ಕದ ಮನೆಯ ಕೂಸನ್ನು ಕಂಡು. ಎರಡು ತಿಂಗಳೂ ತುಂಬಿಲ್ಲ. ಹಲ್ಲು ಕಟಕಟ ಎನ್ನುವ ಚಳಿಯಲ್ಲಿ ಅದನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಹಿತ್ತಲಲ್ಲಿ ಬಿಟ್ಟಿದ್ದರು. ಬಿಟ್ಟುಹೋದರೋ ಎಂದು ಗೌರಿಯನ್ನು ಕೂಗಿದೆ.

"ಗಾಳಿ ಕುಡೀಲಿ ಅಂತ ಅವ್ವ. ಇಲ್ಲಿ ಎಲ್ರೂ ಇಂಗೇಯ."

"ನಿನ್ ಕೂಸ್ನ ಒರಗಿಟ್ರೆ ನಾನು ನಾಳಿಕೇ ವಿಮಾನ ಅತ್ತೀನಿ ನೋಡು."

ಹೊರಗಿಡಲಿಲ್ಲ. ಆದರೆ ಹೆತ್ತ ಮೂರನೆಯ ದಿನಕ್ಕೇ ತಲೆಗೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡು ಓಡಾಡಿದಳು. "ನಾನು ನರ್ಸು ಕಣವ್ವ" ಎಂದಳು. "ನರ್ಸಾದ್ರೆ ಸೀತ ಆಗಲ್ವಾ?" ಎಂದೆ. ಆಗಲಿಲ್ಲ.

ಅಡುಗೆಮನೆಯ ಬೀರು

ಕೂಸಿಗೆ ಇಪ್ಪತ್ತು ದಿನವಾದಾಗ ಅಡುಗೆಮನೆಯ ಬೀರುವಿನ ಬಾಗಿಲು ಕಿತ್ತುಕೊಂಡು ಬಂತು. ರಿಪೇರಿಗೆ ಒಬ್ಬ ಬಂದ. ಹೆಸರು ಟಾಮ್, ನಲವತ್ತು ದಾಟಿರಬೇಕು, ಸಣಕಲ. ಒಳಗೆ ಬಂದವನೇ ಕಾಲು ಒರೆಸಿಕೊಂಡು, ಟೋಪಿ ತೆಗೆದು ನನಗೆ ತಲೆಬಾಗಿಸಿದ. ಕೆಲಸ ಶುರು ಮಾಡುವ ಮೊದಲು ಗೌರಿ ಕೂಸನ್ನು ತಂದು ಅವನ ಕೈಯಲ್ಲಿಟ್ಟಳು. ಅದು ಅವನ ಬೆರಳು ಹಿಡಿದುಕೊಂಡಿತು, ಅವನು ಅಲ್ಲಾಡದೆ ನಿಂತ. ಆಮೇಲೆ ಕೊಟ್ಟುಬಿಟ್ಟು ತಿರುಪು ಬಿಚ್ಚತೊಡಗಿದ.

"ಯಾರೇ ಇವ್ನು? ನೆಂಟನಂಗೆ ಆಡ್ತಾನೆ" ಎಂದೆ.

"ಮೂರು ಮನೆ ಆಚೆ ಕೆಂಪು ಇಟ್ಟಿಗೆ ಮನೆ ಅದಲ್ಲ, ಅಲ್ಲಿರೋನು. ಮಿಲಿಟ್ರೀಲಿದ್ದು ಆಮೇಲೆ ಜೈಲಿಗೋದೋರು ಈಚೆ ಬಂದ್ರೆ ಅಲ್ಲಿರ್ತಾರೆ. ಡಾಕ್ಟ್ರು ಬಂದು ನೋಡ್ತಾರೆ, ಕೆಲ್ಸಾನೂ ಕೊಡುಸ್ತಾರೆ. ಬಸುರಿ ಆಗೋಗಂಟ ನಾನೇ ಮಾತ್ರೆ ಕೊಡಕ್ಕೆ ಓಯ್ತಿದ್ದೆ."

"ಜೈಲಿಗೋಗ್ಬಂದೋನಾ? ಬುದ್ಧಿಗೆ ಮಾತ್ರೆ ನುಂಗೋನಾ? ಅವ್ನ ಕೈಗೆ ಕೂಸ್ನ ಕೊಟ್ಯಾ?"

"ಕೊಟ್ರೆ ಏನಾಯ್ತದೆ? ನಮ್ ಮಾದಪ್ಪನೂ ಓಗ್ಬಂದೋನೇ ಅಲ್ವಾ? ಅವ್ನು ನನ್ ಕೂಸ್ನ ಎತ್ಕಳಾದು ಬ್ಯಾಡ್ವಾ?"

ಅವಳು ಹಾಲೂಡಿಸಲು ಮಹಡಿಗೆ ಹೋದಳು. ನಾನೂ ಹಿಂದೆಯೇ ಹೋಗಿ ಏಳು ಮೆಣಸಿನಕಾಯಿ, ಒಂದು ಹಿಡಿ ಉಪ್ಪು ಕೂಸಿಗೆ ಮೂರು ಸಲ ನಿವಾಳಿಸಿ, ಕೆಳಗೆ ಬಂದು ಒಲೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಅದಕ್ಕೆ ಸುರಿದೆ. ಟಾಮ್ ಅಲ್ಲೇ ಮಂಡಿಯೂರಿ ತಿರುಪು ಹಾಕುತ್ತಿದ್ದ. ಇವಳೇನೋ ಅಡುಗೆ ಮಾಡುತ್ತಾಳೆ ಅಂದುಕೊಂಡಿರಬೇಕು.

ನಮ್ಮ ಕಡೆ ಒಂದು ಲೆಕ್ಕ ಇದೆ. ದೃಷ್ಟಿ ಬಿದ್ದಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಏಳುವುದಿಲ್ಲ. ಘಾಟು ಎದ್ದರೆ ಆ ಮನುಷ್ಯನ ಕಣ್ಣಿನಲ್ಲಿ ಕೆಟ್ಟದ್ದಿಲ್ಲ ಅಂತ ಅರ್ಥ.

ಎದ್ದಿತು ನೋಡಿ. ನಮ್ಮ ಮನೆಯಾಗಿದ್ದರೆ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಇಲ್ಲಿ ಚಳಿಗೆಂದು ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ್ದರು. ನನ್ನ ಗಂಟಲೇ ಕಟ್ಟಿತು. ಟಾಮ್ ಒಂದು ಸಲ ಕೆಮ್ಮಿದ. ಕೈಯಲ್ಲಿದ್ದ ತಿರುಪುಳಿ ಬಿತ್ತು. ಮರುಗಳಿಗೆ ಅವನು ಮೇಜಿನ ಕೆಳಗೆ ಮಣ್ಣುಮುಕ್ಕಿದ ಹಾಗೆ ಬೋರಲು ಬಿದ್ದು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, ಏನೋ ಹೆಸರು ಹಿಡಿದು ಕೂಗತೊಡಗಿದ.

ನಾನು ನಿಂತಲ್ಲೇ ನಿಂತೆ. ಹನೂರಿನ ಸಂತೆಯಲ್ಲಿ ಮಾದಪ್ಪ ಬಿದ್ದದ್ದೂ ಹೀಗೇ ಎಂದು ನೋಡಿದವರು ಹೇಳಿದ್ದರು. ಬಣ್ಣ ಬೇರೆ, ಮಾತು ಬೇರೆ, ಬೀಳುವುದು ಒಂದೇ.

ಗೌರಿ ಓಡಿಬಂದು ಕಿಟಕಿ ತೆಗೆದು, ಬೀದಿಗೆ ಹೋಗಿ ಕೂಗಿದಳು. ಕೆಂಪು ಮನೆಯಿಂದ ದಪ್ಪಗಿನ ಒಬ್ಬ ಮುದುಕ ಏದುಸಿರು ಬಿಡುತ್ತ ಬಂದ. ಹ್ಯಾರಿ ಅಂತ, ಆ ಮನೆ ನೋಡಿಕೊಳ್ಳುವವನು. ಅವನೂ ಮಿಲಿಟರಿ, ಅವನೂ ಒಂದು ಕಾಲದಲ್ಲಿ ಜೈಲು. ಇನ್ನು ಎಳೆದು ಹಾಕಿ ಕೈಕಾಲು ಕಟ್ಟುತ್ತಾನೆ ಅಂದುಕೊಂಡೆ. ಅವನು ಮುಟ್ಟಲೇ ಇಲ್ಲ. ಮೇಜಿನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕುಳಿತ. ಕೆಮ್ಮಿದ, ಕಣ್ಣು ಒರೆಸಿಕೊಂಡ. ಒಂದು ಮುದ್ದೆ ಬೇಯುವಷ್ಟು ಹೊತ್ತು ಹಾಗೇ ಕುಳಿತ. ಆಮೇಲೆ ಬೀರುವಿನ ಕಡೆ ನೋಡಿ ಏನೋ ಹೇಳಿದ.

"ಏನಂದ?" ಎಂದು ಪಿಸುಗುಟ್ಟಿದೆ.

"ಮೇಗಲ ತಿರುಪು ಸೊಟ್ಟ ಕುಂತದ, ನಂಗೆ ಕಣ್ಣು ಕಾಣಕಿಲ್ಲ, ನೀನೇ ನೋಡು ಅಂತಾವ್ನೆ" ಎಂದಳು ಗೌರಿ.

ಟಾಮ್ ನಿಧಾನವಾಗಿ ಈಚೆಗೆ ಬಂದ. ಮುಖ ಬೂದಿಯಾಗಿತ್ತು. ತಿರುಪು ಬಿಚ್ಚಿ ಸರಿಯಾಗಿ ಕೂರಿಸಿ, ಬಾಗಿಲನ್ನು ನಾಲ್ಕು ಸಲ ಹಾಕಿ ತೆಗೆದು ನೋಡಿದ. ಹೋಗುವಾಗ ನನ್ನ ಮುಂದೆ ನಿಂತು ಕ್ಷಮಿಸಬೇಕು ಎಂದ. ಮನೆಗೆ ಹೊಗೆ ಹಾಕಿದವಳು ನಾನು, ಕ್ಷಮಿಸು ಎಂದವನು ಅವನು. ನಾಚಿಕೆಯಿಂದ ನೆಲ ನೋಡಿದೆ. ಒಂದು ಅಚ್ಚು ಬೆಲ್ಲ, ಒಂದು ಲೋಟ ನೀರು ಕೊಟ್ಟೆ. ಬೆಲ್ಲವನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ಕೆಂಪು ಇಟ್ಟಿಗೆಯ ಮನೆ

ಆ ವಾರ ನನಗೆ ಊಟ ಸೇರಲಿಲ್ಲ. ಆ ಮನೆ ನೋಡಬೇಕೆಂದು ಹಟ ಹಿಡಿದೆ. ಕೂಸನ್ನು ಅಳಿಯನ ಕೈಗೆ ಕೊಟ್ಟು ಗೌರಿ ಕರೆದುಕೊಂಡು ಹೋದಳು. ಅವರು ಆಡಿದ್ದನ್ನು ನಮ್ಮ ಮಾತಿಗೆ ತಿರುಗಿಸಿ ಅವಳೇ ಹೇಳಿದಳು.

ಒಂಬತ್ತು ಜನ ಇದ್ದರು. ಹಿಂದಿನ ಕೊಟ್ಟಿಗೆಯಂಥ ಜಾಗದಲ್ಲಿ ಕುರ್ಚಿ ಮೇಜು ರಿಪೇರಿ ಮಾಡುತ್ತಿದ್ದರು. ಆರು ತಿಂಗಳು ಅಲ್ಲಿ ಕೈ ಪಳಗಿದ ಮೇಲೆ ಹ್ಯಾರಿ ಅವರನ್ನು ಊರಿನ ಕಾರ್ಖಾನೆಗಳಿಗೆ ಕರೆದುಕೊಂಡು ಹೋಗುತ್ತಾನಂತೆ, ಮೊದಲ ವಾರ ತಾನೂ ಅವರ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಾನಂತೆ. ಮಲಗುವ ಕೋಣೆಗಳನ್ನು ನೋಡಿದೆ. ಎಲ್ಲ ಬಾಗಿಲಿಗೂ ಬೀಗದ ತೂತು ಇತ್ತು. ಹಾಗಾದರೆ ಇಲ್ಲೂ ನಮ್ಮಂತೆಯೇ ಎಂದು ಸ್ವಲ್ಪ ಸಮಾಧಾನವಾಯಿತು.

"ಬೀಗದ ಕೈಯಿ ಇವ್ನತ್ರ ಇರ್ತದಾ ಕೇಳು" ಎಂದೆ.

ಹ್ಯಾರಿ ನಕ್ಕ. ಅವರವರ ಕೋಣೆಯ ಕೀಲಿ ಅವರವರ ಜೇಬಿನಲ್ಲಿರುತ್ತದೆ, ಒಳಗಿನಿಂದ ಹಾಕಿಕೊಳ್ಳಲಿಕ್ಕೆ, ತನಗೆ ಒಂದೂ ಇಲ್ಲ ಎಂದ. ಜೈಲಿನಲ್ಲಿ ಹೊರಗಿನಿಂದ ಹಾಕಿಸಿಕೊಂಡು ಸಾಕಾಗಿದೆಯಲ್ಲ ಎಂದ.

ಎಲ್ಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಒಬ್ಬ ಹಗಲಲ್ಲೇ ಕುಡಿದು ಮೆಟ್ಟಿಲ ಮೇಲೆ ಬಿದ್ದಿದ್ದ. ಇನ್ನೊಬ್ಬ ಹಿಂದಿನ ತಿಂಗಳಷ್ಟೇ ತಿರುಗಿ ಜೈಲು ಸೇರಿದ್ದನಂತೆ. "ಎಲ್ಲರೂ ಸರಿಯಾಗುವುದಿಲ್ಲ" ಎಂದು ಹ್ಯಾರಿಯೇ ಹೇಳಿದ.

ವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಅಂದು ಅಲ್ಲೇ ಇದ್ದಳು. ಬಿಳಿ ಕೋಟು ಇಲ್ಲ, ಮೊಣಕಾಲಿನ ಮೇಲೆ ಹೆಣಿಗೆ ಇಟ್ಟುಕೊಂಡು ಕುಳಿತಿದ್ದಳು. ನನಗೆ ಕುರ್ಚಿ ಎಳೆದುಕೊಟ್ಟು ಏನೋ ಕೇಳಿದಳು.

"ನಿಮ್ಮನೇಲೂ ಮಿಲಿಟ್ರಿಗೋದೋರು ಅವ್ರಾ ಅಂತಾರೆ. ತಮ್ಮ ಓಗಿದ್ದ, ಜೈಲಿಗೂ ಓಗಿದ್ದ, ಈಗ ಬೇಸಾಯ ಮಾಡ್ಕಂಡವ್ನೆ ಅಂತ ನಾನೇ ಯೋಳ್ದೆ ಕಣವ್ವ."

"ಅಂಗಲ್ಲ. ಕೋಣೇಲಿ ಕೂಡಾಕಿ ಬೀಗ ಆಕಿವ್ನಿ ಅಂತ ಯೋಳು. ಮೂರು ವರ್ಸ ಆಯ್ತು ಅಂತ ಯೋಳು."

ಗೌರಿ ನನ್ನ ಕಡೆ ತಿರುಗಿದಳು. ಡಾಕ್ಟರಮ್ಮ ಅವಳನ್ನೂ ನನ್ನನ್ನೂ ನೋಡಿದಳು.

"ಏನಂದೆ ಅವ್ವಾ?"

"ಕಿವಿ ಕೇಳ್ನಿಲ್ವಾ? ರಾಗಿ ಮೂಟೆ ಕೋಣೆ. ಬೀಗ ಆಕ್ದೋಳು ನಾನೇ. ಯೋಳೇ ಅವ್ರಿಗೆ."

"ಕಾಗ್ದದಲ್ಲಿ ಚೆಂದಾಗವ್ನೆ ಅಂತ ಬರೆಸ್ತಿದ್ಯಲ್ಲವ್ವಾ. ನಾನಿಲ್ಲಿ ಊರೋರ ಮಕ್ಳಿಗೆಲ್ಲ ಮಾತ್ರೆ ಕೊಟ್ಕಂಡು ಕುಂತಿದ್ನಲ್ಲವ್ವಾ."

ಎದ್ದು ಬೀದಿಗೆ ಹೋದಳು. ನಾನು ಮತ್ತು ಡಾಕ್ಟರಮ್ಮ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಎದುರುಬದುರು ಕುಳಿತೆವು. ಗೌರಿ ತಿರುಗಿ ಬಂದಾಗ ಮೂಗು ಕೆಂಪಾಗಿತ್ತು. ನನ್ನ ಕಡೆ ನೋಡದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು.

ಬೈಯುತ್ತಾಳೆ ಎಂದು ನಾನು ಗಟ್ಟಿಯಾಗಿ ಕುಳಿತಿದ್ದೆ. ಡಾಕ್ಟರಮ್ಮ ಬೈಯಲಿಲ್ಲ. ಊಟ ಮಾಡುತ್ತಾನೆಯೇ, ನಿದ್ದೆ ಎಷ್ಟು, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾನೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಕೊನೆಗೆ, ಇಡೀ ದಿನ ಕೈಯಲ್ಲಿ ಏನು ಮಾಡುತ್ತಾನೆ ಎಂದು ಕೇಳಿದಳು.

"ಏನೂ ಕೊಟ್ಟಿಲ್ಲ" ಎಂದೆ.

ಅವಳು ಬರೆಯುವುದನ್ನು ನಿಲ್ಲಿಸಿದಳು. ಆ ನಿಲ್ಲಿಸಿದ್ದು ನನಗೆ ಬೈದುದಕ್ಕಿಂತ ಹೆಚ್ಚಾಯಿತು. ನಮ್ಮ ಕಡೆಯ ಯಾವ ಡಾಕ್ಟರಾದರೂ ಓದಬಹುದಾದ ಒಂದು ಕಾಗದ ಬರೆದು, ಮಾತ್ರೆಯ ಹೆಸರು ಹಾಕಿ ಕೊಟ್ಟಳು.

ಮನೆಗೆ ಬಂದರೆ ನಂಜಪ್ಪನ ಕಾಗದ ಬಂದಿತ್ತು. ಗುಡಿಯವರ ಜೊತೆ ಮಾತಾಗಿದೆ, ನೀನು ತಡ ಮಾಡುವುದಾದರೆ ನಾನೇ ಬಿಟ್ಟು ಬರುತ್ತೇನೆ ಎಂದು ಬರೆದಿದ್ದ. ಆ ಸಂಜೆಯೇ ಗೌರಿಯ ಕೈಯಲ್ಲಿ ಬರೆಸಿದೆ. "ಎಲ್ಲಿಗೂ ಕರೆದುಕೊಂಡು ಹೋಗಬೇಡ. ಬೀಗ ಹಾಕಿದವಳು ನಾನು, ತೆಗೆಯುವವಳೂ ನಾನು. ನಾನು ಬರುವಾಗ ಅವನು ಮನೆಯಲ್ಲಿ ಇಲ್ಲದಿದ್ದರೆ ನಾನೂ ಮನೆಯೊಳಗೆ ಕಾಲಿಡುವುದಿಲ್ಲ."

ಗೌರಿ ಇದನ್ನು ಬರೆದಳು, ಅಂಟಿಸಿದಳು. ನನ್ನ ಜೊತೆ ಮಾತಾಡಲು ಮಾತ್ರ ಇನ್ನೂ ನಾಲ್ಕು ದಿನ ಹಿಡಿಯಿತು.

ಕೊಳ್ಳೇಗಾಲದಿಂದ ಮನೆಗೆ

ಮೂರು ತಿಂಗಳು ತುಂಬಿಸಿ ಹೊರಟೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನಂಜಪ್ಪ ನಿಂತಿದ್ದ. ಮನೆಯಲ್ಲೇ ಇದ್ದಾನೆ ಎಂದು ನಾನು ಕೇಳುವ ಮೊದಲೇ ಹೇಳಿದ.

"ಆದ್ರೂ ಗುಡಿಯೋರ್ಗೆ ಮಾತು ಕೊಟ್ಬುಟ್ಟಿವ್ನಿ ಕಣವ್ವ. ಅಮಾಸೆ ಕಳುದ್ ಮ್ಯಾಲೆ ಬನ್ನಿ ಅಂದವ್ರೆ."

"ಮಾತು ಕೊಟ್ಟೋನು ನೀನು. ನೀನೇ ಓಗಿ ಕಟ್ಟಿಸ್ಕಂಡು ಬಾ."

"ನಿಂಗೇನವ್ವ, ಕುತ್ಗೆ ಇಡಿಸ್ಕಂಡೋನು ನಾನು. ಈಚೆಗೆ ಬುಟ್ರೆ ಊರೋರು ಏನಂದಾರು?"

"ಮೂರು ವರ್ಸದಿಂದ ಒಳಗಿಟ್ಟಾಗ ಏನಂದ್ರು ಯೋಳು?"

"ಏನೂ ಅನ್ನಿಲ್ಲ."

"ಅದುಕ್ಕೇ ಕಣ್ಲಾ ನನ್ ಒಟ್ಟೆ ಉರೀತಾ ಇರಾದು."

ಕಾಮಗೆರೆಯಲ್ಲಿ ಬಸ್ಸು ಇಳಿದು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಕಾಗದವನ್ನು ಎರಡು ಸಲ ಓದಿ, ಸೋಮವಾರ ಕರೆತನ್ನಿ ಎಂದರು. "ಕಟ್ಕಂಡು ತರಬೇಕಾ ಸಾ?" ಎಂದು ನಂಜಪ್ಪ ಕೇಳಿದ. "ಬಸ್ಸಲ್ಲಿ ಬನ್ನಿ" ಎಂದರು.

ಮಧ್ಯಾಹ್ನ ಮನೆ ಸೇರಿ ಕೈಕಾಲು ತೊಳೆಯದೆ ಬೀಗ ತೆಗೆದೆ. ಒಳಗಿನ ವಾಸನೆ ಮುಖಕ್ಕೆ ಹೊಡೆಯಿತು. ಮೂರು ವರ್ಷ ದಿನಾ ಎರಡು ಸಲ ಆ ಬಾಗಿಲು ತೆಗೆದಿದ್ದೇನೆ, ಆ ವಾಸನೆ ನನಗೆ ಬಂದದ್ದು ಅವತ್ತು. ಮಾದಪ್ಪ ಗೋಡೆಗೆ ಒರಗಿ ಕುಳಿತಿದ್ದ. ಬೆಳಕಿಗೆ ಕಣ್ಣು ಮುಚ್ಚಿಕೊಂಡ. ಗಡ್ಡದಲ್ಲಿ ನರೆ ಬಂದಿತ್ತು.

"ಈಚೆಗೆ ಬಾಪ್ಪ."

ಅವನು ಏಳಲಿಲ್ಲ. "ಯಾರ ಆರ್ಡರವ್ವಾ?" ಎಂದ.

ಹೊಸಿಲ ಮೇಲೆ ಕುಳಿತುಬಿಟ್ಟೆ. "ಯಾರ್ ಆರ್ಡ್ರೂ ಇಲ್ಲ ಕಣ್ಲಾ. ಬೀಗ ಆಕಿದ್ದು ನಾನು. ತಪ್ಪು ಮಾಡ್ಬುಟ್ಟೆ. ತಕ್ಕ" ಎಂದು ಬೀಗವನ್ನೂ ಕೀಲಿಯನ್ನೂ ಅವನ ಕೈಗೆ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹಾಲು ಕರೆಯುವ ಹೊತ್ತಿಗೆ ತಾನಾಗಿಯೇ ಬಂದು ಜಗುಲಿಯ ಮೂಲೆಯಲ್ಲಿ ಕುಳಿತ. ನಂಜಪ್ಪ ಹೆಂಡತಿ ಮಗಳನ್ನು ಕರೆದುಕೊಂಡು ಎದುರು ಮನೆಗೆ ಮಲಗಲು ಹೋದ. ಹೋಗಲಿ ಎಂದು ಬಿಟ್ಟೆ.

ಮಾರನೆಯ ಬೆಳಿಗ್ಗೆ

ಸೊಸೆ ರೇಷ್ಮೆಹುಳು ಮೇಯಿಸುತ್ತಿದ್ದಳು. ಇನ್ನೂ ಎಳೆಯ ಹುಳು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಅವಕ್ಕೆ ಹಿಪ್ಪುನೇರಳೆ ಸೊಪ್ಪನ್ನು ಎಳೆಎಳೆಯಾಗಿ ಹೆಚ್ಚಿ ಹಾಕಬೇಕು. ಬೆಳಿಗ್ಗೆ ಅವಳು ಹೆದರಿಕೊಂಡೇ ಬಂದು ಹಿತ್ತಲಿಗೆ ಹೊರಟಳು. ಮಾದಪ್ಪ ಬಂದಾಗಿನಿಂದ ಮನೆಯ ಕತ್ತಿ ಕುಡುಗೋಲುಗಳೆಲ್ಲ ಹಿತ್ತಲ ಅಟ್ಟದ ಮೇಲಿದ್ದವು. ನಾನು ಅವಳ ಕೈಯಿಂದ ಸೊಪ್ಪಿನ ಕುಕ್ಕೆ ತೆಗೆದುಕೊಂಡೆ. ಎರಡು ಮಣೆ, ಎರಡು ಕತ್ತಿ ಇಳಿಸಿಕೊಂಡೆ.

"ಅತ್ತೆ, ಬ್ಯಾಡಿ. ಜೈಲು ಕಂಡ ಕೈ ಸೊಪ್ಪು ಮುಟ್ಟಿದ್ರೆ ಉಳ ಸತ್ತೋಯ್ತವೆ. ಅದೂ ಕತ್ತಿ..."

"ಸತ್ರೆ ಸಾಯ್ಲಿ. ಇನ್ನೊಂದು ಸಲ ಮೇಯಿಸಾನ."

ಜಗುಲಿಯ ಮೇಲೆ ಅವನ ಮುಂದೆ ಮಣೆ ಹಾಕಿ, ಕತ್ತಿಯ ಹಿಡಿ ಅವನ ಕಡೆಗೆ ಮಾಡಿ ಇಟ್ಟೆ. ನಾನು ಪಕ್ಕದಲ್ಲಿ ಕುಳಿತು ನನ್ನ ಸೊಪ್ಪು ಹೆಚ್ಚತೊಡಗಿದೆ. ನನಗೂ ಹೆದರಿಕೆ ಇತ್ತು, ಸುಳ್ಳು ಏಕೆ ಹೇಳಲಿ? ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಬೀದಿಯ ಆಚೆ ಜಗುಲಿಯಲ್ಲಿ ನಂಜಪ್ಪ ಎದ್ದು ನಿಂತ. ಮಾದಪ್ಪ ಬಹಳ ಹೊತ್ತು ಕತ್ತಿಯನ್ನೇ ನೋಡಿದ. ಆಮೇಲೆ ತೆಗೆದುಕೊಂಡ. ಒಂದು ಹಿಡಿ ಸೊಪ್ಪು ಜೋಡಿಸಿ ಹೆಚ್ಚಿದ. ತುಂಡುಗಳು ಒಂದೊಂದೂ ಅಂಗೈ ಅಗಲ ಬಿದ್ದವು.

"ಯೇನ್ಲಾ ಇದು, ಎಮ್ಮೆಗೆ ಆಕ್ದಂಗೆ? ಸಣ್ಣಕೆ ಎಚ್ಚು" ಎಂದೆ.

ಹೆಚ್ಚಿದ.